ಫ್ಲಾಸ್ಕನ್ನೇ ದೊಡ್ಡದು ಮಾಡಿದರೆ ಕೆಮಿಕಲ್ ಪ್ಲಾಂಟ್ ಆಗಲ್ವಾ?

ಲ್ಯಾಬ್‌ನಲ್ಲಿ ಒಂದು ಲೀಟರ್ ಫ್ಲಾಸ್ಕಿನಲ್ಲಿ ಆಗುವ ರಿಯಾಕ್ಷನ್ನನ್ನೇ ಹತ್ತು ಸಾವಿರ ಲೀಟರ್ ಟ್ಯಾಂಕಿನಲ್ಲಿ ಮಾಡಿದರೆ ಮುಗೀತಲ್ವಾ, ಮತ್ತೆ ಅಷ್ಟೊಂದು ಪೈಪು, ಗೋಪುರ ಯಾಕೆ ಅಂತ ಕೇಳಿದ್ದೀರಿ. ನಾನು ಪ್ರೋಸೆಸ್ ಡಿಸೈನ್ ಕೆಲಸದಲ್ಲಿರುವವನು. ಅಲ್ಲಿಗೆ ಮುಗಿಯುವುದಿಲ್ಲ. ಎಷ್ಟೋ ಪ್ಲಾಂಟುಗಳಲ್ಲಿ ರಿಯಾಕ್ಟರ್, ಅಂದರೆ ರಿಯಾಕ್ಷನ್ ನಡೆಯುವ ಪಾತ್ರೆ, ಎಲ್ಲಿದೆ ಅಂತ ಹುಡುಕಬೇಕಾಗುತ್ತದೆ. ಉಳಿದ ಸಾಮಾನೆಲ್ಲ ಅದಕ್ಕೆ ಮುಂಚಿನ ಕೆಲಸಕ್ಕೆ, ಆಮೇಲಿನ ಕೆಲಸಕ್ಕೆ, ಮತ್ತೆ ಏನಾದರೂ ಕೈಕೊಟ್ಟಾಗ ಬೇಕಾಗುವ ಕೆಲಸಕ್ಕೆ.

ಮೊದಲ ತಲೆನೋವು ಬಿಸಿ. ನಿಮ್ಮ ಲೆಕ್ಕವನ್ನೇ ತಗೊಳ್ಳಿ. ಪಾತ್ರೆಯ ಆಕಾರ ಬದಲಿಸದೆ ದೊಡ್ಡದು ಮಾಡಿದರೆ ಒಳಗಿನ ಮಾಲು 10,000 ಪಟ್ಟು ಆಗುತ್ತದೆ, ಗೋಡೆ ಮಾತ್ರ ಸುಮಾರು 460 ಪಟ್ಟು. ಬಿಸಿ ಹುಟ್ಟುವುದು ಮಾಲಿನಲ್ಲಿ, ಹೊರಗೆ ಹೋಗುವುದು ಗೋಡೆಯ ಮೂಲಕ. ಅಂದರೆ ಒಂದೊಂದು ಲೀಟರಿನ ಪಾಲಿಗೆ ಬರುವ ಗೋಡೆ ಇಪ್ಪತ್ತರಲ್ಲಿ ಒಂದು ಭಾಗಕ್ಕಿಂತ ಕಡಿಮೆ. ಫ್ಲಾಸ್ಕನ್ನು ಸುಮ್ನೆ ಐಸ್ ನೀರಿನಲ್ಲಿಟ್ಟರೆ ತಣ್ಣಗಿರುತ್ತಿದ್ದ ರಿಯಾಕ್ಷನ್ ಇಲ್ಲಿ ಬಿಸಿಯಾಗುತ್ತಲೇ ಹೋಗುತ್ತದೆ. ಬಿಸಿಯಾದಷ್ಟೂ ವೇಗ ಜಾಸ್ತಿ, ವೇಗ ಜಾಸ್ತಿಯಾದಷ್ಟೂ ಬಿಸಿ. ಇದು ಹಿಡಿತ ತಪ್ಪುವುದಕ್ಕೆ ರನ್‌ಅವೇ ಅನ್ನುತ್ತಾರೆ.

ಉಪಾಯಗಳಿವೆ. ಟ್ಯಾಂಕಿನ ಸುತ್ತ ತಣ್ಣೀರು ಹರಿಯುವ ಜಾಕೆಟ್, ಒಳಗೆ ತಣ್ಣೀರಿನ ಕಾಯಿಲ್. ಸಾಲದಿದ್ದರೆ ಮಾಲನ್ನು ಪಂಪಿನಿಂದ ಹೊರಗೆಳೆದು, ಹೀಟ್ ಎಕ್ಸ್‌ಚೇಂಜರಿನಲ್ಲಿ ತಣ್ಣಗೆ ಮಾಡಿ ವಾಪಸ್ ಬಿಡುವುದು. ನನಗೆ ಇಷ್ಟವಾದದ್ದು ಬೇರೆ: ಎರಡು ಕಚ್ಚಾ ಮಾಲುಗಳಲ್ಲಿ ಒಂದನ್ನು ಮಾತ್ರ ಮೊದಲು ತುಂಬಿಸಿ, ಇನ್ನೊಂದನ್ನು ಗಂಟೆಗಟ್ಟಲೆ ನಿಧಾನವಾಗಿ ಬಿಡುವುದು. ಬಿಟ್ಟಷ್ಟೇ ರಿಯಾಕ್ಷನ್, ಅಷ್ಟೇ ಬಿಸಿ. ಇದರಲ್ಲೂ ಒಂದು ಕಳ್ಳಬಾಗಿಲಿದೆ. ಒಳಗಿನದ್ದನ್ನು ಕಲಕುವ ಸ್ಟಿರರ್ ನಿಂತುಹೋಗಿ, ಮಾಲು ಮಾತ್ರ ಬೀಳುತ್ತಲೇ ಇದ್ದರೆ? ಬಿದ್ದದ್ದು ಬೆರೆಯದೆ ಒಂದು ಪದರವಾಗಿ ಕೂರುತ್ತದೆ. ಟೆಂಪರೇಚರ್ ಮೀಟರ್ ಇಳಿಯುತ್ತದೆ, ನೋಡುವವರಿಗೆ ಎಲ್ಲ ಸರಿಯಾಗಿದೆ ಅನ್ನಿಸುತ್ತದೆ. ಆಮೇಲೆ ಯಾರಾದರೂ ಸ್ಟಿರರ್ ಮತ್ತೆ ಆನ್ ಮಾಡಿದರೆ ಅಷ್ಟೂ ಒಂದೇ ಸಲ ರಿಯಾಕ್ಟ್ ಆಗುತ್ತದೆ. ಹಾಗಾಗಿ ಸ್ಟಿರರ್ ನಿಂತ ತಕ್ಷಣ ಮಾಲು ಒಳಗೆ ಬಿಡುವ ಫೀಡ್ ವಾಲ್ವ್ ತಾನಾಗಿಯೇ ಮುಚ್ಚಿಕೊಳ್ಳುವಂತೆ ಇಂಟರ್‌ಲಾಕ್ ಹಾಕುತ್ತಾರೆ. ಫ್ಲಾಸ್ಕಿನಲ್ಲಿ ಇಂಥದ್ದು ಯಾರ ತಲೆಗೂ ಬರುವುದಿಲ್ಲ.

ಎರಡನೆಯದು, ಹಾಕಿದ ಕಚ್ಚಾ ಮಾಲೆಲ್ಲ ನಮಗೆ ಬೇಕಾದ ವಸ್ತುವಾಗುವುದಿಲ್ಲ. ಅಮೋನಿಯಾ ಇದಕ್ಕೆ ಒಳ್ಳೆ ಉದಾಹರಣೆ. ನೈಟ್ರೋಜನ್ ಮತ್ತು ಹೈಡ್ರೋಜನ್ನನ್ನು 400–500 ಡಿಗ್ರಿ ಸೆಲ್ಸಿಯಸ್‌ನಲ್ಲಿ, ನೂರಾರು ಬಾರ್ ಒತ್ತಡದಲ್ಲಿ (ಒಂದು ಬಾರ್ ಅಂದರೆ ಸುಮಾರು ನಮ್ಮ ಸುತ್ತಲಿನ ಗಾಳಿಯ ಒತ್ತಡ), ರಿಯಾಕ್ಷನ್ನಿನ ವೇಗ ಹೆಚ್ಚಿಸುವ ಕ್ಯಾಟಲಿಸ್ಟ್ ಮೇಲೆ ಹಾಯಿಸಿದರೂ ಒಂದು ಸುತ್ತಿಗೆ ಅಮೋನಿಯಾ ಆಗುವುದು ಸುಮಾರು 15 ಶೇಕಡಾ. ಉಳಿದದ್ದನ್ನು ಬಿಸಾಡೋಕಾಗಲ್ಲ. ಬಂದ ಗ್ಯಾಸನ್ನು ತಣ್ಣಗೆ ಮಾಡಿ, ದ್ರವವಾದ ಅಮೋನಿಯಾವನ್ನು ತೆಗೆದು, ಉಳಿದದ್ದನ್ನು ಕಂಪ್ರೆಸರ್ ಮೂಲಕ ಮತ್ತೆ ರಿಯಾಕ್ಟರಿಗೆ ಕಳಿಸುತ್ತಾರೆ. ಗಾಳಿಯಿಂದ ಸೇರಿಕೊಂಡ ಆರ್ಗಾನ್ ಯಾವುದರ ಜೊತೆಗೂ ಸೇರದೆ ಸುತ್ತುತ್ತಲೇ ಜಮಾ ಆಗುತ್ತದೆ. ಅದಕ್ಕೆ ಸ್ವಲ್ಪ ಗ್ಯಾಸನ್ನು ಯಾವಾಗಲೂ ಹೊರಗೆ ಬಿಡುತ್ತಿರಬೇಕು. ಹಾಗೆ ಬಿಟ್ಟ ಗ್ಯಾಸಿನಲ್ಲಿ ಹೈಡ್ರೋಜನ್ನೂ ಹೋಗುತ್ತದಲ್ಲ, ಅದನ್ನು ಹಿಡಿಯುವುದಕ್ಕೆ ಇನ್ನೊಂದು ಯೂನಿಟ್. ಹೀಗೆ ಒಂದು ಪೈಪಿನ ಬೆನ್ನಿಗೆ ಇನ್ನೊಂದು ಪೈಪು ಬರುತ್ತದೆ.

ಜರ್ಮನಿಯ ಕೆಮಿಸ್ಟ್ ಕಾರ್ಲ್ ಬಾಶ್ ಈ ಅಮೋನಿಯಾ ಪ್ರೋಸೆಸ್ಸನ್ನು ದೊಡ್ಡದು ಮಾಡಲು ಹೊರಟಾಗ ರಿಯಾಕ್ಟರಿನ ಉಕ್ಕೇ ಸೀಳುತ್ತಿತ್ತು. ಬಿಸಿ ಹೈಡ್ರೋಜನ್ ಉಕ್ಕಿನೊಳಗೆ ನುಗ್ಗಿ ಅದರ ಕಾರ್ಬನ್ನನ್ನೇ ತಿನ್ನುತ್ತಿತ್ತು. ಅವರು ಒಳಗೆ ಕಾರ್ಬನ್ ತೀರಾ ಕಡಿಮೆ ಇರುವ ಮೆತ್ತನೆ ಕಬ್ಬಿಣದ ಅಸ್ತರಿ ಕೊಟ್ಟು, ಹೊರಗಿನ ಉಕ್ಕಿಗೆ ಸಣ್ಣ ತೂತುಗಳನ್ನು ಕೊರೆಸಿದರು. ಅಸ್ತರಿ ದಾಟಿ ಬಂದ ಹೈಡ್ರೋಜನ್ ಉಕ್ಕನ್ನು ಕೆಡಿಸುವ ಮೊದಲೇ ತೂತಿನಿಂದ ಹೊರಗೆ ಹೋಯಿತು. ಒತ್ತಡದ ಪಾತ್ರೆಗೆ ಬೇಕು ಅಂತಲೇ ತೂತು! 1913ರಲ್ಲಿ ಜರ್ಮನಿಯ ಓಪ್ಪಾವ್‌ನಲ್ಲಿ ಪ್ಲಾಂಟ್ ಶುರುವಾಯಿತು.

ಇನ್ನು ನೀವು ಕೇಳಿದ ಗೋಪುರಗಳು. ಹೆಚ್ಚಿನವು ಡಿಸ್ಟಿಲೇಷನ್ ಕಾಲಮ್‌ಗಳು. ಕುದಿಯುವ ಬಿಂದು ಹತ್ತಿರ ಹತ್ತಿರ ಇರುವ ಎರಡು ದ್ರವಗಳನ್ನು ಬೇರೆ ಮಾಡಲು ಒಂದರ ಮೇಲೊಂದು ಹತ್ತಾರು ಟ್ರೇ ಬೇಕು. ಬಿಂದುಗಳು ಹತ್ತಿರವಾದಷ್ಟೂ ಟ್ರೇ ಜಾಸ್ತಿ, ಎತ್ತರವೂ ಜಾಸ್ತಿ. ಅಷ್ಟೇ.

ಡಿಸೈನ್ ಶುರುವಾಗುವುದು ಮಾಸ್ ಬ್ಯಾಲೆನ್ಸ್‌ನಿಂದ: ಗಂಟೆಗೆ ಎಷ್ಟು ಒಳಗೆ ಬಂತು, ಎಷ್ಟು ಹೊರಗೆ ಹೋಯಿತು. ಆಮೇಲೆ ಬಿಸಿಯ ಲೆಕ್ಕ, ಫ್ಲೋ ಡಯಾಗ್ರಾಂ, ಕೊನೆಗೆ ಒಂದೊಂದು ವಾಲ್ವು, ಮೀಟರು ತೋರಿಸುವ ಪಿ ಅಂಡ್ ಐಡಿ ಡ್ರಾಯಿಂಗ್. ಅದನ್ನು ಮುಂದಿಟ್ಟುಕೊಂಡು ದಿನಗಟ್ಟಲೆ ಕೂತು ಒಂದೊಂದು ಲೈನಿಗೂ ಕೇಳುತ್ತಾರೆ: ಇಲ್ಲಿ ಹರಿವು ನಿಂತರೆ? ಜಾಸ್ತಿಯಾದರೆ? ಉಲ್ಟಾ ಹರಿದರೆ? ಇದಕ್ಕೆ ಹ್ಯಾಝಾಪ್ ಅನ್ನುತ್ತಾರೆ. ಬೋರ್ ಹೊಡೆಸುವ ಕೆಲಸ, ನಿಜ. ಆದರೆ ಯೋಚಿಸದೆ ಬದಲಾವಣೆ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ಇಂಗ್ಲೆಂಡಿನ ಫ್ಲಿಕ್ಸ್‌ಬರೋ ಕೆಮಿಕಲ್ ಪ್ಲಾಂಟಿನ ದುರಂತ ಇದೆ. ಅಲ್ಲಿ ಸಾಲಾಗಿದ್ದ ಆರು ರಿಯಾಕ್ಟರುಗಳಲ್ಲಿ ಐದನೆಯದು ಬಿರುಕು ಬಿಟ್ಟಿತು. ಅದನ್ನು ತೆಗೆದು, ನಾಲ್ಕು ಮತ್ತು ಆರರ ನಡುವೆ ತಾತ್ಕಾಲಿಕ ಪೈಪು ಜೋಡಿಸಿದರು. ಅದರ ಡ್ರಾಯಿಂಗ್ ಇದ್ದದ್ದು ವರ್ಕ್‌ಶಾಪಿನ ನೆಲದ ಮೇಲೆ, ಸೀಮೆಸುಣ್ಣದಲ್ಲಿ. 1974ರ ಜೂನ್ 1ರಂದು ಪೈಪು ಕಿತ್ತುಬಂದು, ಒಳಗಿದ್ದ ಸೈಕ್ಲೋಹೆಕ್ಸೇನ್ ಅನ್ನುವ ದ್ರವದ ಆವಿಗೆ ಬೆಂಕಿ ಹತ್ತಿ ಸ್ಫೋಟವಾಯಿತು. ಸತ್ತವರು 28 ಜನ.

ಯಾವುದಾದರೂ ಪಿ ಅಂಡ್ ಐಡಿ ಕೈಗೆ ಸಿಕ್ಕರೆ ಕಂಟ್ರೋಲ್ ವಾಲ್ವುಗಳ ಪಕ್ಕ ಎಫ್‌ಓ (ಫೇಲ್ ಓಪನ್), ಎಫ್‌ಸಿ (ಫೇಲ್ ಕ್ಲೋಸ್ಡ್) ಅಂತ ಬರೆದಿದೆಯಾ ನೋಡಿ. ಇಂಥ ವಾಲ್ವುಗಳನ್ನು ಸಾಮಾನ್ಯವಾಗಿ ಗಾಳಿಯ ಒತ್ತಡ ನಡೆಸುತ್ತದೆ. ಗಾಳಿ ಹೋದರೆ ಒಳಗಿನ ಸ್ಪ್ರಿಂಗ್ ವಾಲ್ವನ್ನು ಒಂದು ಕಡೆ ತಳ್ಳುತ್ತದೆ. ಎಫ್‌ಓ ಇದ್ದರೆ ತೆರೆದುಕೊಳ್ಳುತ್ತದೆ, ಎಫ್‌ಸಿ ಇದ್ದರೆ ಮುಚ್ಚಿಕೊಳ್ಳುತ್ತದೆ. ಬಿಸಿ ಹುಟ್ಟಿಸುವ ರಿಯಾಕ್ಟರಿನಲ್ಲಿ ಕೂಲಿಂಗ್ ನೀರಿನ ವಾಲ್ವು ಎಫ್‌ಓ, ಸ್ಟೀಮಿನದ್ದೂ ಫೀಡಿನದ್ದೂ ಎಫ್‌ಸಿ. ಹೊಸಬರಿಗೆ ನಾನು ಮೊದಲು ಕೊಡುವ ಕೆಲಸವೇ ಇದು: ಡ್ರಾಯಿಂಗಿನಲ್ಲಿ ಆ ಅಕ್ಷರಗಳನ್ನು ಮುಚ್ಚಿಟ್ಟು, ಒಂದೊಂದು ವಾಲ್ವಿಗೂ ಯಾವುದು ಬರಬೇಕು, ಯಾಕೆ ಅಂತ ಹೇಳಿಸುವುದು. ನೀವೂ ಮಾಡಿ ನೋಡಿ. ಎಲ್ಲಿ ತಡಕಾಡುತ್ತೀರೋ ಅಲ್ಲಿ ಏನು ಗೊಂದಲವಾಯಿತು ಅಂತ ಕಾಮೆಂಟಿನಲ್ಲಿ ಬರೆಯಿರಿ, ಮಾತಾಡೋಣ.