ಈಜಿಪ್ಟ್ ಬಗ್ಗೆ 200 ವರ್ಷದ ಹಿಂದೆ ಬರೆದ ಟಿಪ್ಪಣಿ, ಚಿತ್ರಗಳು ಈಗಲೂ ಏಕೆ ಬೇಕು?

ಏಕೆಂದರೆ ಆಗ ಅಲ್ಲಿಗೆ ಹೋದವರು ನೋಡಿ ಬರೆದಿಟ್ಟ ಎಷ್ಟೋ ಕಟ್ಟಡಗಳು, ಗೋಡೆಚಿತ್ರಗಳು ಈಗ ಇಲ್ಲವೇ ಇಲ್ಲ. ಮೂಲ ಹೋದ ಮೇಲೆ ನಕಲೇ ಸಾಕ್ಷಿ.

ಅಸ್ವಾನ್ ಬಳಿಯ ಎಲಿಫೆಂಟೈನ್ ದ್ವೀಪವನ್ನೇ ನೋಡಿ (ಮುಂಬೈನ ಎಲಿಫೆಂಟಾ ಅಲ್ಲ!). ಅಲ್ಲಿ ಮೂರನೇ ಅಮೆನ್‌ಹೋಟೆಪ್ ರಾಜನ ಕಾಲದ ಚಿಕ್ಕದೊಂದು ಗುಡಿ ಇತ್ತು. 1798ರಲ್ಲಿ ಈಜಿಪ್ಟಿಗೆ ಬಂದ ನೆಪೋಲಿಯನ್ ದಂಡಿನ ಜೊತೆಗಿದ್ದ ಪಂಡಿತರು ಅದರ ಅಳತೆ ತೆಗೆದು ಚಿತ್ರ ಬರೆದರು. 1822ರ ಸುಮಾರಿಗೆ ಗುಡಿಯನ್ನು ಕೆಡವಿಬಿಟ್ಟರು. ಅದು ಹೇಗಿತ್ತು ಅಂತ ಗೊತ್ತಾಗುವುದು ಇಂಥ ಹಳೆಯ ಚಿತ್ರಗಳಿಂದಲೇ.

ಕೈಯಲ್ಲಿ ಬರೆದದ್ದನ್ನು ನಂಬಬಹುದಾ? ಬಹುಮಟ್ಟಿಗೆ ಹೌದು. 1820ರ ದಶಕದಲ್ಲಿ ಈಜಿಪ್ಟಿನಲ್ಲಿ ಕೆಲಸ ಮಾಡಿದ ಸ್ಕಾಟ್ಲೆಂಡಿನ ರಾಬರ್ಟ್ ಹೇ 'ಕ್ಯಾಮೆರಾ ಲೂಸಿಡಾ' ಎಂಬ ಸಾಧನ ಬಳಸುತ್ತಿದ್ದರು. ಅದರಲ್ಲಿರುವುದು ಒಂದು ಪುಟ್ಟ ಗಾಜಿನ ಪಟ್ಟಕ. ಅದರ ಮೂಲಕ ನೋಡಿದರೆ ಎದುರಿನ ದೃಶ್ಯ ಕಾಗದದ ಮೇಲೆ ಬಿದ್ದಂತೆ ಕಾಣುತ್ತದೆ. ಗೆರೆಗಳ ಮೇಲೆ ಪೆನ್ಸಿಲ್ ಓಡಿಸಿದರಾಯಿತು. ಹಾಗಾಗಿ ಆಕಾರ ಜಾಸ್ತಿ ತಪ್ಪುವುದಿಲ್ಲ. ಈಜಿಪ್ಟಿನ ಹಳೆಯ ಚಿತ್ರಲಿಪಿ ಓದಲು ಬಾರದವರ ನಕಲಿನಲ್ಲಿ ಮಾತ್ರ ಅಕ್ಷರಗಳ ಬಗ್ಗೆ ಹುಷಾರಾಗಿರಬೇಕು.

ಹೇ ಅವರ ಚಿತ್ರ, ಟಿಪ್ಪಣಿಗಳ 49 ಸಂಪುಟಗಳು ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ.