ಸ್ಟಾರ್ ಆಟಗಾರರ ಹೆಸರಿನ ಮಕ್ಕಳ ಕಾದಂಬರಿ ಕೊಡಿಸಬಹುದಾ?

ನಿಮ್ಮ ಮಗನಿಗೆ 11 ವರ್ಷ, ಕ್ರಿಕೆಟ್ ಹುಚ್ಚು, ಪುಸ್ತಕ ಮಾತ್ರ ಮುಟ್ಟುವುದಿಲ್ಲ, ದೊಡ್ಡ ಆಟಗಾರರ ಹೆಸರಲ್ಲಿ ಬರುವ ಇಂಗ್ಲಿಷ್ ಮಕ್ಕಳ ಕಾದಂಬರಿ ಕೊಡಿಸಿದರೆ ದುಡ್ಡು ದಂಡವೇ ಅಂತ ಕೇಳಿದ್ದೀರಿ. ಪೂರ್ತಿ ದಂಡವೇನಲ್ಲ. ಆದರೆ ಮುಖಪುಟದ ಹೆಸರು ನೋಡಿ ಸುಮ್ನೆ ಕೊಂಡುಬಿಡಬೇಡಿ.

ನಾನು ಹಾಸನದಲ್ಲಿ ಮನೆಪಾಠ ಹೇಳುತ್ತೇನೆ. ಹುಡುಗರು ಒಯ್ದು ಓದಲಿ ಅಂತ ಒಂದು ಕಪಾಟು ಪುಸ್ತಕ ಇಟ್ಟಿದ್ದೇನೆ. ಅದರಲ್ಲಿ ಆಸ್ಟ್ರೇಲಿಯಾದ ಕ್ರಿಕೆಟಿಗ ಡೇವಿಡ್ ವಾರ್ನರ್ ಹೆಸರಿನ 'ಕಬೂಮ್ ಕಿಡ್' ಸರಣಿಯ ಪುಸ್ತಕವೂ ಇದೆ, 2014ರಲ್ಲಿ ಶುರುವಾದ ಸರಣಿ. ಡೇವಿ ಅನ್ನುವ ತುಂಟ ಹುಡುಗ, ಅವನ ಬ್ಯಾಟು, ಅವನ ಗೆಳೆಯರು. ಇಂಗ್ಲಿಷ್ ಅಂದರೆ ಓಡುತ್ತಿದ್ದವರೂ ಎರಡೇ ಸಂಜೆಗೆ ಮುಗಿಸಿದರು, ಅದು ನಿಜ. ವಾಪಸ್ ಕೊಡುವಾಗ ಏಳನೇ ಕ್ಲಾಸಿನವನೊಬ್ಬ ಕೇಳಿದ: "ಮಿಸ್, ಬಾಲ್ ಉಜ್ಜಿದ ಗಲಾಟೆಯಲ್ಲಿ ಸಿಕ್ಕಿಬಿದ್ದಿದ್ದು ಇವರೇ ಅಲ್ವಾ?" ಹೌದು, ಇವರೇ: 2018ರ ಕೇಪ್‌ಟೌನ್ ಟೆಸ್ಟ್‌ನಲ್ಲಿ ಚೆಂಡನ್ನು ಮರಳುಕಾಗದದಿಂದ ಉಜ್ಜಿ ಕೆಡಿಸಿದ ಪ್ರಕರಣ, ವಾರ್ನರ್‌ಗೆ ಒಂದು ವರ್ಷ ನಿಷೇಧ. ಅಂಥದ್ದೊಂದು ತಪ್ಪು ಮಾಡಿದ ಹುಡುಗನ ಕಥೆ ಬಂದರೆ ನಾನೇ ರಾತ್ರಿಯೆಲ್ಲಾ ಕೂತು ಓದುತ್ತೇನೆ.

ಆಟಗಾರ ಒಬ್ಬನೇ ಬರೆದಿಲ್ಲ ಅನ್ನುವುದು ನನಗೆ ದೊಡ್ಡ ತಕರಾರಲ್ಲ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ತಾರೆ ಕೋಬಿ ಬ್ರಯಂಟ್ 2019ರಲ್ಲಿ ತಂದ ಬ್ಯಾಸ್ಕೆಟ್‌ಬಾಲ್ ಕಾದಂಬರಿ 'ಟ್ರೇನಿಂಗ್ ಕ್ಯಾಂಪ್' ಬರೆದದ್ದು ವೆಸ್ಲಿ ಕಿಂಗ್, ಹೆಸರೂ ಮುಖಪುಟದಲ್ಲೇ ಇದೆ. ಒಂದೇ ಕ್ಯಾಂಪನ್ನು ಐದು ಹುಡುಗರ ಕಣ್ಣಲ್ಲಿ ಮತ್ತೆ ಮತ್ತೆ ಹೇಳುತ್ತದೆ, ಮಧ್ಯೆ ಸ್ವಲ್ಪ ಎಳೆದ ಹಾಗೂ ಆಗುತ್ತದೆ, ಆದರೂ ಒಬ್ಬನಿಗೆ ಸುಲಭವಾದ ಅಭ್ಯಾಸ ಪಕ್ಕದವನಿಗೆ ಯಾಕೆ ಭಯ ಹುಟ್ಟಿಸುತ್ತದೆ ಅನ್ನುವುದು ಅದರಲ್ಲಿ ಸಿಗುತ್ತದೆ. ಇಂಗ್ಲೆಂಡಿನ ಫುಟ್‌ಬಾಲ್ ಆಟಗಾರ ಮಾರ್ಕಸ್ ರ್‍ಯಾಶ್‌ಫರ್ಡ್ ಜೊತೆ ಅಲೆಕ್ಸ್ ಫಲಾಸೆ-ಕೋಯಾ ಬರೆದ 2022ರ ಪುಸ್ತಕದಲ್ಲಿ ಫುಟ್‌ಬಾಲ್‌ಗಿಂತ ಪತ್ತೇದಾರಿಯೇ ಜಾಸ್ತಿ. ಅದೂ ಪರವಾಗಿಲ್ಲ.

ನನಗೆ ಬೇಜಾರಾಗುವುದು ಬೇರೆ. ಆಟಗಾರನಿಗೆ ಮಾತ್ರ ಗೊತ್ತಿರುವ ಸಂಗತಿಯೇ ಇಂಥ ಎಷ್ಟೋ ಪುಸ್ತಕಗಳಲ್ಲಿ ಇರುವುದಿಲ್ಲ. ಜಾವಗಲ್ ನಮ್ಮ ಜಿಲ್ಲೆಯದೇ ಊರು, ಅರಸೀಕೆರೆ ತಾಲ್ಲೂಕು. ಆ ಊರಿನ ಹೆಸರು ಹೊತ್ತ ಶ್ರೀನಾಥ್ 1999ರ ಫೆಬ್ರವರಿಯಲ್ಲಿ ದೆಹಲಿ ಕೋಟ್ಲಾದಲ್ಲಿ ಏನು ಮಾಡಿದರು ನೆನಪಿಸಿಕೊಳ್ಳಿ. ಪಾಕಿಸ್ತಾನದ ಒಂಬತ್ತು ವಿಕೆಟ್ ಕುಂಬ್ಳೆಗೇ ಬಿದ್ದಿವೆ, ಉಳಿದಿರುವುದು ಒಂದೇ. ಈ ಕಡೆಯಿಂದ ಬೌಲ್ ಮಾಡುತ್ತಿರುವ ಶ್ರೀನಾಥ್, ಹತ್ತನೆಯದೂ ಕುಂಬ್ಳೆಗೇ ಸಿಗಲಿ, ತನಗೆ ವಿಕೆಟ್ ಬೀಳದಿರಲಿ ಅಂತ ಬೇಕಂತಲೇ ಸ್ಟಂಪ್‌ನಿಂದ ದೂರ ದೂರ ಎಸೆಯುತ್ತಾರೆ. ಆಮೇಲೆ ಅಕ್ರಂ ಕ್ಯಾಚ್ ಲಕ್ಷ್ಮಣ್ ಕೈಗೆ, ಕುಂಬ್ಳೆಗೆ 74 ರನ್ನಿಗೆ 10. ಜೀವಮಾನವಿಡೀ ವಿಕೆಟ್ ತೆಗೆಯಲು ಪಳಗಿದ ತೋಳನ್ನು ಒಂದು ಓವರ್ ಮಟ್ಟಿಗೆ ತಡೆದು ಹಿಡಿಯುವುದು ಹೇಗಿರುತ್ತದೆ? ಅದನ್ನು 11 ವರ್ಷದವನಿಗೆ ಅರ್ಥವಾಗುವ ಹಾಗೆ ಬರೆದರೆ ಸಾಕು, ಮಾಯಾ ಬ್ಯಾಟೂ ಬೇಡ, ಮಾತಾಡುವ ನಾಯಿಯೂ ಬೇಡ.

ನಿಮ್ಮ ಮಗನಿಗೆ ಮೊದಲು ತೆಳ್ಳಗಿರುವ ಕಬೂಮ್ ಕಿಡ್ ಒಂದೇ ಒಂದು ಕೊಡಿಸಿ, ಪೂರ್ತಿ ಸೆಟ್ ಬೇಡ. ಕೋಬಿ ಪುಸ್ತಕ ದಪ್ಪ, ಅದು ಎರಡು ವರ್ಷ ಬಿಟ್ಟು. ಬೇರೆ ಯಾವುದಾದರೂ ಕಣ್ಣಿಗೆ ಬಿದ್ದರೆ ಅಂಗಡಿಯಲ್ಲೇ ನಿಂತು ಕೊನೆಯ ಅಧ್ಯಾಯ ತಿರುವಿ ನೋಡಿ. ಕೊನೇ ಬಾಲಿಗೆ ಸಿಕ್ಸ್ ಹೊಡೆದು ಗೆದ್ದಿದ್ದರೆ ಇದ್ದಲ್ಲೇ ಇಟ್ಟು ಬನ್ನಿ.