ಉಬುಂಟು ಲ್ಯಾಪ್‌ಟಾಪ್‌ನಲ್ಲಿ ರೆಸ್ಯೂಮ್ ಮಾಡೋದು ಹೇಗೆ?

ಪ್ರಶ್ನೆ: ಮೇಡಂ, ಡಿಪ್ಲೊಮಾ ಮೆಕ್ಯಾನಿಕಲ್ ಮುಗಿಸಿದ್ದೇನೆ. ಅಣ್ಣ ಕೊಟ್ಟ ಹಳೇ ಲ್ಯಾಪ್‌ಟಾಪ್ ಇದೆ. ವಿಂಡೋಸ್ ತುಂಬಾ ನಿಧಾನ ಆಗಿತ್ತು ಅಂತ ಸ್ನೇಹಿತ ಉಬುಂಟು ಹಾಕಿಕೊಟ್ಟ. ಈಗ ರೆಸ್ಯೂಮ್ ಮಾಡುವ ಸಾಫ್ಟ್‌ವೇರ್ ಹುಡುಕಿದರೆ ಎಲ್ಲವೂ ವಿಂಡೋಸ್‌ಗೆ, ಇಲ್ಲ ಮೊಬೈಲ್‌ಗೆ. ಒಂದು ವೆಬ್‌ಸೈಟ್‌ನಲ್ಲಿ ಎರಡು ಗಂಟೆ ಕೂತು ಎಲ್ಲ ತುಂಬಿದೆ. ಡೌನ್‌ಲೋಡ್ ಒತ್ತಿದಾಗ ದುಡ್ಡು ಕೇಳಿತು. ವಾಪಸ್ ವಿಂಡೋಸ್ ಹಾಕಿಸಿಬಿಡಲಾ?
– ಓದುಗ, ರಾಣೆಬೆನ್ನೂರು

ಉತ್ತರ: ಬೇಡ, ಹಾಕಿಸಬೇಡಿ. ನಿಮಗೆ ಬೇಕಾದದ್ದು ಬಹುಶಃ ಆಗಲೇ ನಿಮ್ಮ ಲ್ಯಾಪ್‌ಟಾಪ್‌ನಲ್ಲಿದೆ. ಅದರ ಹೆಸರು ಲಿಬ್ರೆಆಫೀಸ್ ರೈಟರ್. ಈಚಿನ ಉಬುಂಟು ಹಾಕುವಾಗ ಕಡಿಮೆ ಆ್ಯಪ್‌ಗಳಿರುವ ಚಿಕ್ಕ ಆಯ್ಕೆ ಒತ್ತಿದ್ದರೆ ಅದು ಬಂದಿರುವುದಿಲ್ಲ. ಆಗ ಆ್ಯಪ್ ಸೆಂಟರ್ ತೆರೆದು ಲಿಬ್ರೆಆಫೀಸ್ ಅಂತ ಹುಡುಕಿ ಹಾಕಿಕೊಳ್ಳಿ. ದುಡ್ಡಿಲ್ಲ, ಲಾಗಿನ್ ಇಲ್ಲ.

‘ಅದು ಪತ್ರ ಬರೆಯುವ ಸಾಫ್ಟ್‌ವೇರ್ ಅಲ್ವಾ, ರೆಸ್ಯೂಮ್‌ದು ಬೇರೆ ಇಲ್ವಾ’ ಅಂತ ನನ್ನ ತರಗತಿಯ ಮಕ್ಕಳೂ ಕೇಳುತ್ತಾರೆ. ಸಾಗರದಲ್ಲಿ ನಾನು ಕಂಪ್ಯೂಟರ್ ತರಗತಿ ನಡೆಸುತ್ತೇನೆ, ಎಂಟು ಕಂಪ್ಯೂಟರ್, ಎಂಟರಲ್ಲೂ ಲಿನಕ್ಸ್ (ನಿಮ್ಮ ಉಬುಂಟು ಅದರದೇ ಒಂದು ಬಗೆ). ಅವರಿಗೆ ನಾನು ಹೇಳುವುದು ನನ್ನದೇ ಕತೆ. ನನ್ನ ಮೊದಲ ಬಯೋಡೇಟಾ ಮಾಡಿಸಿದ್ದು ಒಂದು ಡಿಟಿಪಿ ಅಂಗಡಿಯಲ್ಲಿ. ಚೆಂದವಾಗಿಯೇ ಇತ್ತು. ಆದರೆ ಫೈಲ್ ಅಂಗಡಿಯವರ ಕಂಪ್ಯೂಟರಿನಲ್ಲೇ ಉಳಿಯಿತು. ಫೋನ್ ನಂಬರ್ ಬದಲಾದಾಗ ಮತ್ತೆ ಹೋಗಿ ಕಾಯಬೇಕಾಯಿತು. ಮುಂದಿನ ವರ್ಷ ಅಂಗಡಿ ಮುಚ್ಚಿತು, ನನ್ನ ಫೈಲೂ ಹೋಯಿತು. ನೀವು ಎರಡು ಗಂಟೆ ತುಂಬಿದ ವೆಬ್‌ಸೈಟಿನಲ್ಲಿ ಆಗಿದ್ದೂ ಅದೇ. ನಿಮ್ಮ ಓದು, ನಿಮ್ಮ ಕೆಲಸದ ವಿವರ ಬೇರೆಯವರ ಕೈಯಲ್ಲಿ ಸಿಕ್ಕಿಹಾಕಿಕೊಂಡಿತು. ರೈಟರ್‌ನಲ್ಲಿ ಮಾಡಿದ ಫೈಲ್ ನಿಮ್ಮ ಹತ್ತಿರವೇ ಇರುತ್ತದೆ. ಅದರ ಒಡಿಟಿ ಫೈಲು ಓಪನ್‌ಡಾಕ್ಯುಮೆಂಟ್ ಅನ್ನುವ ಮುಕ್ತ ಮಾನದಂಡದ್ದು, 2006ರಲ್ಲೇ ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆ ಐಎಸ್‌ಒ ಒಪ್ಪಿದ್ದು. ಹತ್ತು ವರ್ಷ ಬಿಟ್ಟು ತೆರೆದರೂ ತೆರೆಯುತ್ತದೆ.

ಈಗ ಕೆಲಸಕ್ಕೆ ಬರೋಣ. ರೈಟರ್ ತೆರೆದು ಕಂಟ್ರೋಲ್, ಶಿಫ್ಟ್, ಎನ್ ಒಟ್ಟಿಗೆ ಒತ್ತಿ. ಟೆಂಪ್ಲೇಟ್‌ಗಳ ಕಿಟಕಿ ಬರುತ್ತದೆ, ರೆಸ್ಯೂಮ್‌ಗೆ ಅಂತಲೇ ಇರುವ ಮಾದರಿಯೂ ಅದರಲ್ಲಿ ಸಿಗುತ್ತದೆ. ಇಷ್ಟವಾದರೆ ತೆಗೆದುಕೊಳ್ಳಿ. ಆದರೆ ನನ್ನ ಅಭಿಪ್ರಾಯ ಕೇಳಿದರೆ, ಖಾಲಿ ಹಾಳೆಯಿಂದಲೇ ಶುರು ಮಾಡಿ. ಡಿಪ್ಲೊಮಾ ಮುಗಿಸಿದವರಿಗೆ ಒಂದು ಪುಟ ಸಾಕು, ಒಂದು ಪುಟಕ್ಕೆ ಬಣ್ಣದ ಪಟ್ಟಿ, ಸ್ಟಾರ್ ಗುರುತು ಯಾವುದೂ ಬೇಡ.

ಒಂದು ವಿಷಯ ಮಾತ್ರ ನಿಧಾನವಾಗಿ ಕಲಿಯಿರಿ. ಹೋದ ತಿಂಗಳು ನನ್ನ ವಿದ್ಯಾರ್ಥಿನಿಯೊಬ್ಬಳು ರೆಸ್ಯೂಮ್ ತಂದಳು. ಎಡಗಡೆ ಕಾಲೇಜಿನ ಹೆಸರು, ಬಲಗಡೆ ವರ್ಷ. ಅವಳ ಮನೆಯ ಕಂಪ್ಯೂಟರಿನಲ್ಲಿ ನೆಟ್ಟಗಿತ್ತಂತೆ. ನನ್ನ ಕಂಪ್ಯೂಟರಿನಲ್ಲಿ 2021 ಒಂದು ಕಡೆ, 2023 ಇನ್ನೊಂದು ಕಡೆ. ಕಂಟ್ರೋಲ್ ಎಫ್10 ಒತ್ತಿದೆ. ಅದು ಕಾಣದ ಗುರುತುಗಳನ್ನು ತೋರಿಸುವ ಕೀಲಿ. ಹೆಸರಿಗೂ ವರ್ಷಕ್ಕೂ ನಡುವೆ ಸಾಲು ತುಂಬ ಚುಕ್ಕಿ. ಒಂದೊಂದು ಚುಕ್ಕಿಯೂ ಒಂದೊಂದು ಸ್ಪೇಸ್. ಪಾಪ, ಎಣಿಸಿ ಎಣಿಸಿ ಒತ್ತಿದ್ದಾಳೆ. ಫಾಂಟ್ ಬದಲಾದ ತಕ್ಷಣ ಎಲ್ಲವೂ ಜರುಗಿತು.

ಇದಕ್ಕೆ ಮದ್ದು ಟ್ಯಾಬ್. ಎ4 ಹಾಳೆಯ ಅಗಲ 21 ಸೆಂಟಿಮೀಟರ್. ಎರಡೂ ಕಡೆ 2 ಸೆಂಟಿಮೀಟರ್ ಮಾರ್ಜಿನ್ ಬಿಟ್ಟರೆ ಬರೆಯಲು ಉಳಿಯುವುದು 17. ಫಾರ್ಮ್ಯಾಟ್ ಮೆನುವಿನಲ್ಲಿ ಪ್ಯಾರಾಗ್ರಾಫ್, ಅದರಲ್ಲಿ ಟ್ಯಾಬ್ಸ್‌ಗೆ ಹೋಗಿ. 17 ಸೆಂಟಿಮೀಟರ್ ಅಂತ ಕೊಟ್ಟು, ಬಗೆಯಲ್ಲಿ ರೈಟ್ ಅಂತ ಆರಿಸಿ. ಆಮೇಲೆ ಕಾಲೇಜಿನ ಹೆಸರು ಬರೆದು, ಒಂದೇ ಒಂದು ಸಲ ಟ್ಯಾಬ್ ಒತ್ತಿ, ವರ್ಷ ಬರೆಯಿರಿ. ವರ್ಷ ಸೀದಾ ಬಲದಂಚಿಗೆ ಹೋಗಿ ನಿಲ್ಲುತ್ತದೆ. ಫಾಂಟ್ ದೊಡ್ಡದು ಮಾಡಿ, ಚಿಕ್ಕದು ಮಾಡಿ, ಅಲುಗುವುದಿಲ್ಲ. ಆ ಹುಡುಗಿ ಇದನ್ನು ನೋಡಿ ತಾನೇ ಕೂತು ಎಲ್ಲ ಸಾಲೂ ಸರಿ ಮಾಡಿದಳು, ಹತ್ತು ನಿಮಿಷವೂ ಹಿಡಿಯಲಿಲ್ಲ.

ಮುಗಿದ ಮೇಲೆ ಪಿಡಿಎಫ್ ಮಾಡಿ. ಫೈಲ್ ಮೆನುವಿನಲ್ಲಿ ಎಕ್ಸ್‌ಪೋರ್ಟ್ ಆ್ಯಸ್ ಪಿಡಿಎಫ್ ಇದೆ. ಅಲ್ಲಿ ಹೈಬ್ರಿಡ್ ಪಿಡಿಎಫ್ ಅಂತ ಒಂದು ಚೌಕ ಕಾಣುತ್ತದೆ. ಅದಕ್ಕೆ ಟಿಕ್ ಹಾಕಿದರೆ ಪಿಡಿಎಫ್ ಒಳಗೇ ನಿಮ್ಮ ಮೂಲ ಫೈಲೂ ಕೂತುಕೊಳ್ಳುತ್ತದೆ. ಮುಂದೆ ಯಾವತ್ತಾದರೂ ಲಿಬ್ರೆಆಫೀಸ್‌ನಲ್ಲಿ ಆ ಪಿಡಿಎಫ್ ತೆರೆದರೆ ತಿದ್ದಲು ಬರುತ್ತದೆ. ಕಂಪನಿಗೆ ಕಳಿಸಲು ಸಾದಾ ಪಿಡಿಎಫ್ ಸಾಕು. ಹೈಬ್ರಿಡ್ ಪ್ರತಿಯನ್ನು ನಿಮ್ಮ ಮೇಲ್‌ಗೆ ನೀವೇ ಕಳಿಸಿಟ್ಟುಕೊಳ್ಳಿ. ಹಳೇ ಲ್ಯಾಪ್‌ಟಾಪ್ ಕೈಕೊಟ್ಟರೂ ರೆಸ್ಯೂಮ್ ಉಳಿಯುತ್ತದೆ.

ಕಳಿಸುವ ಮುಂಚೆ ಒಂದು ಪರೀಕ್ಷೆ. ಈಗ ದೊಡ್ಡ ಕಂಪನಿಗಳಲ್ಲಿ ರೆಸ್ಯೂಮ್‌ಗಳನ್ನು ಮೊದಲು ಓದುವುದು ಎಷ್ಟೋ ಸಲ ಕಂಪ್ಯೂಟರೇ. ಅದಕ್ಕೆ ನಿಮ್ಮ ವಿನ್ಯಾಸ ಬೇಕಿಲ್ಲ, ಅಕ್ಷರಗಳು ಬೇಕು. ಪಿಡಿಎಫ್ ತೆರೆದು ಎಲ್ಲವನ್ನೂ ಸೆಲೆಕ್ಟ್ ಮಾಡಿ ಕಾಪಿ ಮಾಡಿ, ಟೆಕ್ಸ್ಟ್ ಎಡಿಟರ್‌ನಲ್ಲಿ ಪೇಸ್ಟ್ ಮಾಡಿ. ಮೇಲಿಂದ ಕೆಳಗೆ ಓದಿದರೆ ಅರ್ಥ ಆಗುತ್ತಾ? ಆದರೆ ಸರಿ. ಎರಡು ಕಾಲಂ ಮಾಡಿದ ರೆಸ್ಯೂಮ್‌ಗಳು ಇಲ್ಲಿ ಜಾಸ್ತಿ ಸೋಲುತ್ತವೆ. ಎಡ ಕಾಲಂನ ಫೋನ್ ನಂಬರ್ ಬಲ ಕಾಲಂನ ಪ್ರಾಜೆಕ್ಟ್ ಹೆಸರಿನ ಮಧ್ಯೆ ಬಂದು ಕೂತಿರುವುದನ್ನು ನಾನೇ ನೋಡಿದ್ದೇನೆ.

ವರ್ಡ್ ಫೈಲೇ ಬೇಕು ಅನ್ನುವವರೂ ಇದ್ದಾರೆ. ರೈಟರ್‌ನಲ್ಲಿ ಸೇವ್ ಆ್ಯಸ್ ಕೊಟ್ಟು ಡಾಕ್ಸ್ ಆರಿಸಿದರೆ ಆಯಿತು. ಆದರೆ ಫಾಂಟ್ ನೋಡಿಕೊಳ್ಳಿ. ಕ್ಯಾಲಿಬ್ರಿ ಮೈಕ್ರೋಸಾಫ್ಟ್ ಫಾಂಟು, ಉಬುಂಟುವಿನಲ್ಲಿ ಇರುವುದಿಲ್ಲ. ಕಾರ್ಲಿಟೋ ಅನ್ನುವ ಉಚಿತ ಫಾಂಟ್ ಇದೆ. ಅದರ ಒಂದೊಂದು ಅಕ್ಷರದ ಅಗಲವೂ ಕ್ಯಾಲಿಬ್ರಿಯಷ್ಟೇ. ಏರಿಯಲ್‌ಗೆ ಹಾಗೇ ಲಿಬರೇಶನ್ ಸ್ಯಾನ್ಸ್. ಇವನ್ನು ಬಳಸಿದರೆ ಒಂದು ಪುಟದ್ದು ಅಲ್ಲಿ ಎರಡು ಪುಟ ಆಗುವ ತೊಂದರೆ ಕಡಿಮೆ.

ಫಾರಂ ತುಂಬಿದ ಹಾಗೆ ತುಂಬಿ ರೆಸ್ಯೂಮ್ ಪಡೆಯುವುದೇ ನಿಮಗೆ ಇಷ್ಟ ಅಂದರೆ ಓಪನ್‌ರೆಸ್ಯೂಮ್, ರಿಯಾಕ್ಟಿವ್ ರೆಸ್ಯೂಮ್ ಅಂತ ಎರಡು ಮುಕ್ತ ತಂತ್ರಾಂಶಗಳಿವೆ. ಬ್ರೌಸರ್‌ನಲ್ಲೇ ಓಡುತ್ತವೆ, ಹಾಗಾಗಿ ಉಬುಂಟು ಆದರೇನು, ಯಾವುದಾದರೇನು. ಓಪನ್‌ರೆಸ್ಯೂಮ್‌ಗೆ ಖಾತೆಯೂ ಬೇಡ.

ಇನ್ನೆರಡು ಮಾತು, ನೀವು ಕೇಳದಿದ್ದರೂ. ರೆಸ್ಯೂಮ್‌ನಲ್ಲಿ ಆಧಾರ್ ನಂಬರ್ ಹಾಕಬೇಡಿ. ಅದು ಎಲ್ಲೆಲ್ಲಿ ಹೋಗುತ್ತದೋ ನಮಗೆ ಗೊತ್ತಾಗುವುದಿಲ್ಲ. ಮತ್ತೆ, ಲೇಥ್ ಮೇಲೆ ನೀವೇ ಏನು ಮಾಡಿದ್ದೀರಿ, ಪ್ರಾಜೆಕ್ಟ್‌ನಲ್ಲಿ ನಿಮ್ಮ ಪಾಲಿನ ಕೆಲಸ ಯಾವುದು, ಅದನ್ನು ಎರಡು ಸಾಲು ಬರೆಯಿರಿ. ‘ಮೇಲಿನ ವಿವರಗಳೆಲ್ಲ ಸತ್ಯವೆಂದು ಘೋಷಿಸುತ್ತೇನೆ’ ಅನ್ನುವ ಜಾಗ ಅದಕ್ಕೆ ಬಳಸಿಕೊಳ್ಳಿ.

ಪ್ರಶ್ನೆ: ನಾನು ಐಟಿಐನಲ್ಲಿ ಅತಿಥಿ ಬೋಧಕ. ಲ್ಯಾಬಿನಲ್ಲಿ ಉಬುಂಟು ಇದೆ. ಉದ್ಯೋಗ ಮೇಳಕ್ಕೆ 60 ಮಕ್ಕಳ ರೆಸ್ಯೂಮ್ ಬೇಕು. ನಾವೇ ಒಂದು ಸಣ್ಣ ಸಾಫ್ಟ್‌ವೇರ್ ಮಾಡಿಕೊಳ್ಳಬಹುದಾ? ನನಗೆ ಸ್ವಲ್ಪ ಪೈಥಾನ್ ಬರುತ್ತದೆ.
– ಓದುಗರು, ಚಿತ್ರದುರ್ಗ

ಉತ್ತರ: ಮಾಡಬಹುದು ಸರ್. ಮೇಳ ಹತ್ತಿರ ಇದ್ದರೆ ಪೈಥಾನ್ ಬೇಡವೇ ಬೇಡ. ಲಿಬ್ರೆಆಫೀಸ್‌ನಲ್ಲೇ ಇರುವ, ಎಕ್ಸೆಲ್ ಥರದ ಕ್ಯಾಲ್ಕ್‌ನಲ್ಲಿ ಒಂದು ಶೀಟ್ ಮಾಡಿ. ಒಂದು ಸಾಲಿಗೆ ಒಂದು ಮಗು. ಹೆಸರು, ಊರು, ಫೋನ್, ಎಸ್‌ಎಸ್‌ಎಲ್‌ಸಿ ವರ್ಷ, ಟ್ರೇಡ್, ಹೀಗೆ ಒಂದೊಂದಕ್ಕೆ ಒಂದು ಕಾಲಂ. ಆ ಶೀಟನ್ನು ರೈಟರ್‌ಗೆ ಜೋಡಿಸಿ ಮೇಲ್ ಮರ್ಜ್ ಮಾಡಿದರೆ, ಅಂದರೆ ಒಂದೇ ಮಾದರಿಯಲ್ಲಿ ಒಬ್ಬೊಬ್ಬರ ವಿವರ ತಾನಾಗಿ ತುಂಬುವಂತೆ ಮಾಡಿದರೆ, 60 ಫೈಲ್ ಬೇರೆ ಬೇರೆಯಾಗಿ ಬರುತ್ತವೆ. ಫೈಲ್‌ಗೆ ಮಗುವಿನ ಹೆಸರನ್ನೇ ಇಡುವ ಆಯ್ಕೆಯೂ ಅಲ್ಲಿದೆ.

ಒಂದು ಎಚ್ಚರ ಮಾತ್ರ. ಹೀಗೆ ಮಾಡಿದರೆ 60 ರೆಸ್ಯೂಮೂ ಒಂದೇ ಥರ ಇರುತ್ತವೆ. ಒಬ್ಬ ಅಪ್ಪನ ಜೊತೆ ಗ್ಯಾರೇಜಿನಲ್ಲಿ ಮೂರು ಬೇಸಿಗೆ ರಜೆ ಕೆಲಸ ಮಾಡಿರುತ್ತಾನೆ. ಇನ್ನೊಬ್ಬಳು ಊರಿನ ಪಂಪ್‌ಸೆಟ್ ತಾನೇ ರಿಪೇರಿ ಮಾಡಿರುತ್ತಾಳೆ. ಅದಕ್ಕೆ ಶೀಟಿನಲ್ಲಿ ಕಾಲಂ ಇಲ್ಲದಿದ್ದರೆ ಕಂಪನಿಯವರಿಗೆ ಅದು ಗೊತ್ತೇ ಆಗುವುದಿಲ್ಲ. ದಯವಿಟ್ಟು ‘ನಾನೇ ಮಾಡಿದ ಕೆಲಸ’ ಅಂತ ಒಂದು ಕಾಲಂ ಇಡಿ. ಅದನ್ನು ಮಕ್ಕಳ ಕೈಯಲ್ಲೇ ಬರೆಸಿ, ನೀವು ಕಾಗುಣಿತ ಮಾತ್ರ ತಿದ್ದಿ.

ಸಮಯ ಇದ್ದರೆ ರೆಂಡರ್‌ಸಿವಿ ನೋಡಿ. ಪೈಥಾನ್‌ನಲ್ಲೇ ಬರೆದದ್ದು, ನಿಮಗೆ ಕಷ್ಟ ಆಗಲ್ಲ. ಒಂದು ಸಾದಾ ಅಕ್ಷರದ ಫೈಲ್‌ನಲ್ಲಿ ಓದು, ಕೆಲಸ, ಕೌಶಲ ಅಂತ ಬರೆದುಕೊಟ್ಟರೆ ಅದು ಅಚ್ಚುಕಟ್ಟಾದ ಪಿಡಿಎಫ್ ಮಾಡಿಕೊಡುತ್ತದೆ. ಅಥವಾ ಪ್ಯಾಂಡಾಕ್ ಬಳಸಿ. ತಲೆಬರಹ, ಪಟ್ಟಿಗಳನ್ನು ಸಣ್ಣ ಗುರುತುಗಳಿಂದ ತೋರಿಸುವ ಮಾರ್ಕ್‌ಡೌನ್ ಅನ್ನುವ ಸಾದಾ ಬರಹದಲ್ಲಿ ಬರೆದದ್ದನ್ನು ಅದು ಒಡಿಟಿ, ಡಾಕ್ಸ್ ಎರಡಕ್ಕೂ ಬದಲಿಸುತ್ತದೆ. ಅಕ್ಷರದ ಗಾತ್ರ, ತಲೆಬರಹದ ಶೈಲಿ ಎಲ್ಲ ಒಂದು ಮಾದರಿ ಫೈಲ್‌ನಲ್ಲಿಟ್ಟು ಇದರ ಹಾಗೆ ಮಾಡು ಅಂತ ಹೇಳಬಹುದು. ಮಾದರಿ ತಿದ್ದಿ ಮತ್ತೊಮ್ಮೆ ಓಡಿಸಿದರೆ ಎಲ್ಲರದ್ದೂ ಬದಲಾಗುತ್ತದೆ. ಮೊದಲಿಂದ ನೀವೇ ಪ್ರೋಗ್ರಾಂ ಬರೆಯುವ ಆಸೆ ಇದ್ದರೆ, ಮಾಹಿತಿಗೆ ಹೊಸ ವಿನ್ಯಾಸ ಕಟ್ಟಬೇಡಿ. ಜೇಸನ್ ರೆಸ್ಯೂಮ್ ಅಂತ ಮುಕ್ತ ಮಾದರಿ ಇದೆ. ಯಾವ ವಿವರ ಯಾವ ಹೆಸರಲ್ಲಿರಬೇಕು ಅನ್ನುವುದನ್ನು ಅದು ಆಗಲೇ ತೀರ್ಮಾನಿಸಿದೆ. ಅದನ್ನೇ ಹಿಡಿದರೆ ಅದಕ್ಕಾಗಿ ಬೇರೆಯವರು ಮಾಡಿಟ್ಟ ಥೀಮ್‌ಗಳೂ ನಿಮ್ಮ ಮಕ್ಕಳಿಗೆ ಒದಗುತ್ತವೆ.

ಪ್ರಶ್ನೆ: ಕನ್ನಡ ಶಾಲೆಯೊಂದಕ್ಕೆ ಕನ್ನಡದಲ್ಲೇ ಸ್ವವಿವರ ಕಳಿಸಬೇಕು. ನುಡಿ ತಂತ್ರಾಂಶದಲ್ಲಿ ಮಾಡಿದ ನನ್ನ ಹಳೇ ಫೈಲು ಉಬುಂಟುವಿನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ಗುರುತುಗಳು ಕಾಣುತ್ತಿವೆ. ಏನು ಮಾಡಲಿ?
– ಓದುಗರು, ಮಂಡ್ಯ

ಉತ್ತರ: ಫೈಲ್ ಕೆಟ್ಟಿಲ್ಲ, ಗಾಬರಿಯಾಗಬೇಡಿ. ಹಳೇ ನುಡಿಯಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಚಿತ್ರ ಕೂರಿಸಿದ್ದರು. ಆ ಫಾಂಟ್ ಇಲ್ಲದ ಕಡೆ ಒಳಗಿರುವ ಇಂಗ್ಲಿಷ್ ಕಾಣುತ್ತದೆ. ಕನ್ನಡಕ್ಕೆ ತನ್ನದೇ ಜಾಗ ಇರುವ, ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಆದರೆ ಒಂದೆರಡು ಪುಟದ ಸ್ವವಿವರ ತಾನೇ, ಹೊಸದಾಗಿ ಟೈಪ್ ಮಾಡುವುದೇ ಬೇಗ ಆಗುತ್ತದೆ.

ಕೀಲಿಮಣೆ ಹೊಸದು ಕಲಿಯಬೇಕಿಲ್ಲ. ಉಬುಂಟುವಿನ ಸೆಟ್ಟಿಂಗ್ಸ್‌ನಲ್ಲಿ ಕೀಬೋರ್ಡ್, ಅಲ್ಲಿ ಇನ್‌ಪುಟ್ ಸೋರ್ಸಸ್‌ಗೆ ಹೋಗಿ ಕನ್ನಡ ಸೇರಿಸಿ. ಪಟ್ಟಿಯಲ್ಲಿ ಕಗಪ ಅನ್ನುವುದನ್ನು ಆರಿಸಿ. ಕಗಪ ಅಂದರೆ ಕನ್ನಡ ಗಣಕ ಪರಿಷತ್ತು, ನಿಮ್ಮ ನುಡಿ ಮಾಡಿದವರೇ. ಬೆರಳಿಗೆ ಅಭ್ಯಾಸವಾದ ಕೀಲಿಗಳೇ ಸಿಗುತ್ತವೆ. ಫಾಂಟ್‌ಗೆ ನೋಟೋ ಸ್ಯಾನ್ಸ್ ಕನ್ನಡ ಚೆನ್ನಾಗಿದೆ. ನನಗೆ ಗುಬ್ಬಿ ಫಾಂಟ್ ಇನ್ನೂ ಇಷ್ಟ, ಅದೂ ಉಚಿತ. ಪಿಡಿಎಫ್ ಮಾಡಿದ ಮೇಲೆ ಒತ್ತಕ್ಷರಗಳನ್ನು ಒಂದು ಸಲ ನೋಡಿ. ‘ಸ್ನಾತಕೋತ್ತರ’ದಲ್ಲಿ ಎರಡು ಕಡೆ ಒತ್ತಿದೆ, ಎರಡೂ ಸರಿಯಾಗಿ ಕೂತಿದ್ದರೆ ಕಳಿಸಿಬಿಡಿ.